ಬೀರುವಿನೊಳಗಿನ ಚಾಕು, ಕೈಯೊಳಗಿನ ಚಾಕು

ಸಾವಿರಾರು ಡಾಲರ್ ಕೊಟ್ಟು ಬೇಟೆಚಾಕು ಕೊಂಡು, ಅದರಿಂದ ಒಂದು ಹುರಿಯನ್ನೂ ಕತ್ತರಿಸದೆ ಬೀರುವಿನಲ್ಲಿಟ್ಟು ಬೀಗ ಹಾಕುವವರು ಅಮೆರಿಕದಲ್ಲಿ ಕಡಿಮೆಯಿಲ್ಲ. ಅದೇ ಕುಶಲಕರ್ಮಿಯ ಚಾಕುವನ್ನು ಸೊಂಟಕ್ಕೆ ಕಟ್ಟಿ ಕಾಡಿಗೆ ಹೋಗಿ, ಜಿಂಕೆಯ ಚರ್ಮ ಸುಲಿದು, ಒರೆಸಿ ಮತ್ತೆ ಒರೆಗೆ ತುರುಕುವವರೂ ಇದ್ದಾರೆ. ಈ ಎರಡು ಬಣಗಳ ನಡುವೆ ಬಹುಕಾಲದಿಂದ ಮುಸುಕಿನ ಗುದ್ದಾಟ ನಡೆದಿದೆ. ಸಂಗ್ರಹಕಾರರ ದುಡ್ಡು ಚಾಕುವನ್ನು ಒಡವೆ ಮಾಡಿಬಿಟ್ಟಿತು ಎಂಬುದು ಬಳಸುವವರ ದೂರು. ನಮ್ಮ ದುಡ್ಡು ಇಲ್ಲದಿದ್ದರೆ ಕುಲುಮೆ ಎಂದೋ ಆರಿಹೋಗುತ್ತಿತ್ತು ಎಂಬುದು ಸಂಗ್ರಹಕಾರರ ಉತ್ತರ. ಅಮೆರಿಕದ ಕೈಕೆಲಸದ ಚಾಕುವಿನ ಒಂದು ಶತಮಾನದ ಚರಿತ್ರೆಯನ್ನು ಮುಂದಿಟ್ಟುಕೊಂಡು ನೋಡಿದರೆ ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಎರಡರ ತೂಕ ಒಂದೇ ಅಲ್ಲ. ಈ ಕಸುಬಿನಲ್ಲಿ ಉಳಿದುಕೊಂಡ ಹೆಚ್ಚುಕಡಿಮೆ ಎಲ್ಲ ಮಾರ್ಪಾಡುಗಳೂ ಬಳಸುವವನ ತಕರಾರಿನಿಂದಲೇ ಹುಟ್ಟಿವೆ. ಸಂಗ್ರಹಕಾರ ಕೊಡುವ ಬೆಲೆ ಹಾಗೆ ಗಳಿಸಿದ ಹೆಸರಿನ ಮೇಲೆ ನಿಂತದ್ದು. ಹೆಸರು ಹೇಗೆ ಬಂತೆಂಬುದು ಮರೆತುಹೋದ ಕಡೆಗಳಲ್ಲಿ ಕಸುಬು ದಾರಿ ತಪ್ಪಿದೆ.

ತಕರಾರಿನ ಚರಿತ್ರೆ ಹತ್ತೊಂಬತ್ತನೆಯ ಶತಮಾನಕ್ಕೆ ಹೋಗುತ್ತದೆ. 1827ರಲ್ಲಿ ಮಿಸಿಸಿಪ್ಪಿ ನದಿಯ ಮರಳುದಿಬ್ಬದ ಮೇಲೆ ನಡೆದ ಹೊಡೆದಾಟದಿಂದ ಜಿಮ್ ಬೋವಿಯ ಹೆಸರೂ ಅವನ ದೊಡ್ಡ ಚೂರಿಯೂ ಮನೆಮಾತಾದವು. ಬೇಡಿಕೆ ಕಂಡ ಇಂಗ್ಲೆಂಡಿನ ಶೆಫೀಲ್ಡ್ ಕಾರ್ಖಾನೆಗಳು ಅಮೆರಿಕದ ಮಾರುಕಟ್ಟೆಗೆಂದೇ ಬೋವಿ ಚೂರಿಗಳನ್ನು ರಾಶಿ ರಾಶಿ ಮಾಡಿ ಕಳಿಸಿದವು. ಕಾಡಿನಲ್ಲಿ ಬದುಕುವವರಿಗೆ ಈ ಚೂರಿ ಹೊರೆಯಾಗಿತ್ತು. 'ನೆಸ್‌ಮಕ್' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸಿಯರ್ಸ್ 1884ರ ತನ್ನ 'ವುಡ್‌ಕ್ರಾಫ್ಟ್' ಪುಸ್ತಕದಲ್ಲಿ ದಪ್ಪ ಬೆನ್ನಿನ ಬೋವಿಯನ್ನು ತಳ್ಳಿಹಾಕಿ ಸಣ್ಣ ಕೊಡಲಿ, ತೆಳುವಾದ ಒರೆಚಾಕು, ಮಡಚುವ ಜೇಬುಚಾಕು, ಈ ಮೂರು ಸಾಕೆಂದ. 1906ರಲ್ಲಿ ಕಾಡುವಾಸದ ಕೈಪಿಡಿ ಬರೆದ ಹೊರೇಸ್ ಕೆಫಾರ್ಟ್‌ನದೂ ಇಂಥದೇ ನಿಲುವು. ಅವನ ಹೆಸರಿನಲ್ಲಿ ಪ್ರಸಿದ್ಧವಾದ ಚಾಕುವಿಗೆ ಆಡಂಬರವೇ ಇಲ್ಲ. ನೆಟ್ಟಗಿನ ಅಲಗು, ನಡುವಿಗೆ ಬರುವ ಮೊನೆ, ಕೈತುಂಬ ಹಿಡಿ, ಅಷ್ಟೆ. ಮಿಷಿಗನ್‌ನ ಗ್ಲ್ಯಾಡ್‌ಸ್ಟನ್ ಊರಿನ ವೆಬ್‌ಸ್ಟರ್ ಮಾರ್ಬಲ್ 1899ರ ಸುಮಾರಿಗೆ ಬೇಟೆಗಾರರಿಗೆಂದೇ ಚಾಕು ತಯಾರಿಸತೊಡಗಿದ. ಇವು ಕಾರ್ಖಾನೆಯ ಮಾಲು. ಆದರೆ ಕೈಕೆಲಸದವರು ಮುಂದೆ ಎದುರಿಸಬೇಕಾದ ಪ್ರಶ್ನೆ ಆಗಲೇ ಎದ್ದಿತ್ತು. ಕಾಡಿನಲ್ಲಿ ಈ ಚಾಕು ಯಾವ ಕೆಲಸಕ್ಕೆ ಬೇಕು?

ಆಧುನಿಕ ಕಸುಬಿನ ಮೂಲಪುರುಷ ಎಂದು ಎಲ್ಲರೂ ಒಪ್ಪುವ ವಿಲಿಯಂ ಸ್ಕೇಗಲ್ ಅದೇ ಮಿಷಿಗನ್‌ನವನು. ಮಸ್ಕೀಗನ್ ಹತ್ತಿರ ಒಂಟಿಯಾಗಿದ್ದುಕೊಂಡು 1963ರಲ್ಲಿ ತೀರಿಕೊಳ್ಳುವವರೆಗೂ ಅವನು ಚಾಕು ಮಾಡಿದ. ಚರ್ಮದ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ, ತುದಿಗೆ ಜಿಂಕೆಕೊಂಬಿನ ಬುಡ ಸೇರಿಸಿದ ಅವನ ಹಿಡಿಗಳನ್ನು ಇಂದಿಗೂ ನಕಲು ಮಾಡುತ್ತಾರೆ. ನ್ಯೂಯಾರ್ಕಿನ ಅಬರ್‌ಕ್ರಾಂಬಿ ಆ್ಯಂಡ್ ಫಿಚ್ ಅಂಗಡಿ ಅವನ ಚಾಕುಗಳನ್ನು ಮಾರುತ್ತಿತ್ತು. ಆಗ ಅದು ಶ್ರೀಮಂತ ಬೇಟೆಗಾರರ ಅಂಗಡಿ. ಇಂದಿನ ಬಟ್ಟೆ ಅಂಗಡಿಯ ಚಹರೆ ಅದಕ್ಕಿರಲಿಲ್ಲ. 1937ರಲ್ಲಿ ಮಿಷಿಗನ್‌ನ ವಲೂನ್ ಸರೋವರಕ್ಕೆ ರಜೆಗೆ ಬಂದಿದ್ದ ಫ್ಲಾರಿಡಾದ ಕಿತ್ತಳೆ ತೋಟದ ಯಜಮಾನ ಬೋ ರ್‍ಯಾಂಡಲ್ ಅಲ್ಲೊಬ್ಬ ದೋಣಿಯ ಹಳೆ ಬಣ್ಣವನ್ನು ಚಾಕುವಿನಿಂದ ಕೆರೆಯುವುದನ್ನು ನೋಡಿದ. ಅಷ್ಟು ಕೆರೆದರೂ ಬಾಯಿ ಮೊಂಡಾಗಿರಲಿಲ್ಲ. ಆ ಸ್ಕೇಗಲ್ ಚಾಕುವನ್ನು ಅಲ್ಲೇ ಕೊಂಡು ಊರಿಗೆ ಮರಳಿದ ರ್‍ಯಾಂಡಲ್ ತಾನೇ ಚಾಕು ಮಾಡಲು ಕೂತ. ಈ ಕಸುಬಿನ ಪುರಾಣವೆಲ್ಲ ಇಲ್ಲಿಂದ ಶುರುವಾಗುತ್ತದೆ. ರ್‍ಯಾಂಡಲ್ ಮರುಳಾದದ್ದು ಚಾಕುವಿನ ಅಂದಕ್ಕಲ್ಲ ಎಂಬುದನ್ನು ಪುರಾಣ ಹೇಳುವವರೂ ಅಷ್ಟಾಗಿ ಗಮನಿಸುವುದಿಲ್ಲ. ದೋಣಿಯ ಬಣ್ಣ ಕೆರೆಯುವುದು ಚಾಕುವಿಗೆ ಮರ್ಯಾದೆಯ ಕೆಲಸವೇನೂ ಅಲ್ಲ.

ಎರಡನೆಯ ಮಹಾಯುದ್ಧ ರ್‍ಯಾಂಡಲ್‌ನ ಪುಟ್ಟ ಕಾರ್ಯಾಗಾರವನ್ನು ದೇಶಕ್ಕೆಲ್ಲ ಪರಿಚಯಿಸಿತು. ಸೈನಿಕರು ಪತ್ರ ಬರೆದು ಚಾಕು ತರಿಸಿಕೊಂಡರು. ಮುಂದೆ ಮರ್ಕ್ಯುರಿ ಯೋಜನೆಯ ಗಗನಯಾತ್ರಿಗಳಿಗಾಗಿಯೂ ಆರ್ಲಾಂಡೊದ ಅವನ ಕಾರ್ಯಾಗಾರದಲ್ಲಿ ಚಾಕು ತಯಾರಾಯಿತು. ಬೇಡಿಕೆ ಏರಿದಂತೆ ಕಾಯುವ ಪಟ್ಟಿ ಬೆಳೆದು ವರ್ಷಗಟ್ಟಲೆಗೆ ಚಾಚಿತು. ಸಂಗ್ರಹ ಎಂಬ ಹವ್ಯಾಸದ ಹುಟ್ಟನ್ನು ನಾನು ಈ ಪಟ್ಟಿಯಲ್ಲೇ ಗುರುತಿಸುತ್ತೇನೆ. ಕೇಳಿದೊಡನೆ ಸಿಗದ ವಸ್ತುವನ್ನು, ಸಿಕ್ಕಮೇಲೆ, ದೋಣಿ ಕೆರೆಯಲು ಯಾರೂ ಬಳಸುವುದಿಲ್ಲ. ಕಾಯುವ ತಾಳ್ಮೆಯಿಲ್ಲದವನು ಪಟ್ಟಿಯಲ್ಲಿ ಮುಂದಿರುವವನಿಗೆ ಹೆಚ್ಚು ಹಣ ಕೊಟ್ಟು ಅವನ ಚಾಕುವನ್ನೇ ಕೊಳ್ಳುತ್ತಾನೆ. ಹೊಸ ಚಾಕುವಿಗಿಂತ ಕೈ ಬದಲಾದ ಚಾಕು ದುಬಾರಿಯಾದದ್ದು ಹೀಗೆ. ಯಾವ ಸೈನಿಕ ಕೊಂಡದ್ದು, ಒರೆಯ ಹಿಂದೆ ಯಾವ ಮುದ್ರೆ, ಹಿಡಿಯ ಚರ್ಮದ ಬಿಲ್ಲೆಗಳ ನಡುವಿನ ಪಟ್ಟಿಗಳ ಬಣ್ಣ ಯಾವುದು ಎಂದು ಕೆದಕುವ ವಿದ್ಯೆಯೂ ಅದರ ಬೆನ್ನಿಗೇ ಬಂತು.

ಕಾಯಲಾರದೆ ಚಾಕು ಮಾಡಲು ಕೂತವರಲ್ಲಿ ಬಾಬ್ ಲವ್‌ಲೆಸ್ ದೊಡ್ಡ ಹೆಸರು. 1950ರ ದಶಕದ ಆರಂಭದಲ್ಲಿ ಹಡಗಿನಲ್ಲಿ ದುಡಿಯುತ್ತಿದ್ದ ಅವನು ರ್‍ಯಾಂಡಲ್ ಚಾಕು ಕೇಳಿಕೊಂಡು ಅಬರ್‌ಕ್ರಾಂಬಿ ಅಂಗಡಿಗೆ ಹೋದಾಗ ಒಂಬತ್ತು ತಿಂಗಳು ಕಾಯಬೇಕೆಂದರಂತೆ. ಅವನು ಗುಜರಿಯಿಂದ 1937ರ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿ ತಂದು, ಹಡಗಿನ ಅಡುಗೆಮನೆಯ ಒಲೆಯಲ್ಲಿ ಕಾಯಿಸಿ ಚಾಕು ತಟ್ಟಿಕೊಂಡ. ಮುಂದೆ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ನೆಲೆಸಿ, ಕುಲುಮೆಯನ್ನೇ ಬಿಟ್ಟು, ಉಕ್ಕಿನ ಪಟ್ಟಿಯನ್ನು ಸಾಣೆಯಲ್ಲಿ ಉಜ್ಜಿ ಅಲಗು ತೆಗೆಯುವ ಹಾದಿ ಹಿಡಿದ. ಅವನ ಬೇಟೆಚಾಕುವಿನ ಅಲಗು ಸುಮಾರು ಮೂರೂವರೆ ಅಂಗುಲ. ಬೆನ್ನು ಮೊನೆಯ ಕಡೆಗೆ ಮೆಲ್ಲಗೆ ಬಾಗಿ ಇಳಿಯುತ್ತದೆ. ಸತ್ತ ಜಿಂಕೆಯ ಹೊಟ್ಟೆ ಸೀಳುವಾಗ ಚಾಕುವಿನ ಬಾಯಿ ಮೇಲಕ್ಕಿರಬೇಕು, ಚರ್ಮದ ಒಳಗಿಂದ ಹೊರಕ್ಕೆ ಕತ್ತರಿಸಬೇಕು. ಬೆನ್ನಿನ ಕಡೆಗೆ ಎದ್ದ ಮೊನೆಯಾದರೆ ಕರುಳಿಗೆ ಚುಚ್ಚಿ ಮಾಂಸವೆಲ್ಲ ಹಾಳು. ಬೆನ್ನಿನಿಂದ ಇಳಿದ ಮೊನೆ ಕರುಳಿನಿಂದ ದೂರ ಉಳಿಯುತ್ತದೆ. ಬೆನ್ನಿನ ಮೇಲೆ ತೋರುಬೆರಳಿಟ್ಟರೆ ಮೊನೆ ಎಲ್ಲಿದೆಯೆಂದು ಕಣ್ಣಿಗೆ ಕಾಣದಿದ್ದರೂ ಕೈಗೆ ತಿಳಿಯುತ್ತದೆ. ಹಿಡಿಯೊಳಗೆ ಸೇರುವ ಉಕ್ಕಿನ ಭಾಗವನ್ನು ಅವನು ಹಿಂಬದಿಗೆ ಹೋದಂತೆ ತೆಳುವಾಗಿಸಿದ. ಅದರಿಂದ ತೂಕ ಕಡಿಮೆಯಾಗಿ ಸಮತೋಲ ಬೆರಳುಗಳ ಹತ್ತಿರ ಬಂತು. ಕೊಂಬು ಬಿರುಕು ಬಿಡುತ್ತದೆ, ಮರ ಉಬ್ಬುತ್ತದೆ ಎಂದು ಬಟ್ಟೆಯನ್ನೂ ರಾಳವನ್ನೂ ಒತ್ತಿ ಮಾಡಿದ ಹಸಿರು ಮೈಕಾರ್ಟಾವನ್ನು ಹಿಡಿಗೆ ಬಳಸಿದ. ಜೆಟ್ ಎಂಜಿನ್ ಭಾಗಗಳಿಗೆಂದು ತಯಾರಾಗುತ್ತಿದ್ದ 154ಸಿಎಂ ಎಂಬ ಉಕ್ಕನ್ನು 1970ರ ದಶಕದಲ್ಲಿ ಚಾಕುವಿಗೆ ತಂದವನೂ ಅವನೇ. ಲವ್‌ಲೆಸ್ 2010ರಲ್ಲಿ ತೀರಿಕೊಂಡ. ಇಂದು ಜಗತ್ತಿನಲ್ಲಿ ಅತಿ ದುಬಾರಿಯಾದ, ಅತಿ ಹೆಚ್ಚು ನಕಲಿಯಾದ ಬೇಟೆಚಾಕುಗಳಲ್ಲಿ ಅವನವೂ ಸೇರಿವೆ. ಜಪಾನಿನಲ್ಲಂತೂ ಅವನಿಗೆ ಭಕ್ತರೇ ಇದ್ದಾರೆ. ಆ ಬೆಲೆಗೆ ಕೊಂಡವರಲ್ಲಿ ಬಹಳ ಜನ ಅದರಿಂದ ಜಿಂಕೆ ಸೀಳಿಲ್ಲ, ನಿಜ. ಆದರೆ ಅವರು ದುಡ್ಡು ಸುರಿದ ಪ್ರತಿಯೊಂದು ರೇಖೆಯೂ ಜಿಂಕೆ ಸೀಳುವವನಿಗಾಗಿಯೇ ಎಳೆದದ್ದು.

1970ರಲ್ಲಿ ಲಾಸ್ ವೇಗಸ್‌ನ ಬಂದೂಕು ಪ್ರದರ್ಶನವೊಂದರಲ್ಲಿ ಸೇರಿದ ಕೆಲವರು ಚಾಕು ತಯಾರಕರ ಗಿಲ್ಡ್ ಕಟ್ಟಿದರು. ಅದರ ಬೆನ್ನಿಗೆ ನಿಂತವನು ಅರ್ಕನ್ಸಾಸ್‌ನ ವ್ಯಾಪಾರಿ ಎ. ಜಿ. ರಸೆಲ್. ಅಲ್ಲಿಯವರೆಗೆ ಒಬ್ಬರನ್ನೊಬ್ಬರು ಕಂಡರಿಯದೆ ಗ್ಯಾರೇಜು ಕೊಟ್ಟಿಗೆಗಳಲ್ಲಿ ಕೆಲಸ ಮಾಡುತ್ತಿದ್ದವರು ಈಗ ವರ್ಷಕ್ಕೊಮ್ಮೆ ಒಂದೇ ಸಭಾಂಗಣದಲ್ಲಿ ಮೇಜು ಹಾಕಿ ಕೂತರು. 1973ರಲ್ಲಿ ಚಾಕುಗಳಿಗೆಂದೇ ಪತ್ರಿಕೆ ಬಂತು, 1981ರಿಂದ ಕೆನ್ ವಾರ್ನರ್ ಸಂಪಾದಕತ್ವದಲ್ಲಿ ಚಾಕುಗಳ ವಾರ್ಷಿಕ ಸಂಚಿಕೆ ಬರತೊಡಗಿತು. ನುಣುಪಿನ ಗುಣಮಟ್ಟ ಏರಿತು, ಹಿಡಿಗೂ ಅಲಗಿಗೂ ನಡುವೆ ಕೂದಲೆಳೆಯ ಸಂದು ಕಂಡರೂ ನಗೆಪಾಟಲಾಗುವಂತಾಯಿತು. ಇದರಿಂದಾದ ನಷ್ಟವೂ ಇದೆ. ಮೇಜಿನ ಮೇಲಿನ ಚಾಕುವಿನಲ್ಲಿ ಕಣ್ಣಿಗೆ ಕಾಣುವುದು ಹೊಳಪು ಮಾತ್ರ. ಹದ ಕಾಣುವುದಿಲ್ಲ. ಕನ್ನಡಿಯಂತೆ ಮಿನುಗುವ ಅಲಗು ಒಳಗೆ ಪೆಡಸಾಗಿರಬಹುದು, ಮೆತ್ತಗಾಗಿರಬಹುದು. ಕೊಳ್ಳುವವನಿಗೆ ಗೊತ್ತಾಗುವ ಬಗೆಯಿಲ್ಲ. ಬೀರುವಿನ ಚಾಕು ತನ್ನ ಮೂಲದ ತಕರಾರಿನಿಂದ ದೂರ ಸರಿಯತೊಡಗಿದ್ದು ಈ ಮೇಜುಗಳ ಸಾಲಿನಲ್ಲಿ.

ಇಷ್ಟು ಹೊತ್ತಿಗೆ ನನ್ನ ವಾದಕ್ಕೆ ಬಲವಾದ ಅಡ್ಡಿಯೊಂದು ಎದ್ದುನಿಲ್ಲುತ್ತದೆ. ಅದರ ಹೆಸರು ಬಿಲ್ ಮೊರಾನ್. ಮೇರಿಲ್ಯಾಂಡಿನ ಈ ಕಮ್ಮಾರ 1973ರ ಗಿಲ್ಡ್ ಪ್ರದರ್ಶನಕ್ಕೆ ಅಲೆಯಲೆಯಾಗಿ ಗೆರೆ ಮೂಡಿದ ಡಮಾಸ್ಕಸ್ ಚಾಕುಗಳನ್ನು ತಂದ. ಎರಡು ಬಗೆಯ ಉಕ್ಕನ್ನು ಒಂದರ ಮೇಲೊಂದಿಟ್ಟು ಕಾಯಿಸಿ ಬೆಸೆದು, ಮಡಚಿ, ಮತ್ತೆ ಬೆಸೆದು, ಕೊನೆಗೆ ಆಮ್ಲದಲ್ಲಿ ಅದ್ದಿದರೆ ಗೆರೆ ಎದ್ದುಕಾಣುತ್ತದೆ. ಮಾಡುವ ವಿಧಾನವನ್ನು ಬಚ್ಚಿಡದೆ ಅವನು ಕೈಹೊತ್ತಗೆ ಹಂಚಿದ. ಕೆಲವೇ ವರ್ಷಗಳಲ್ಲಿ ಈ ಉಕ್ಕು ಸಂಗ್ರಹಕಾರರ ಕಣ್ಮಣಿಯಾಯಿತು. ಒಳ್ಳೆಯ ಒಂಟಿ ಉಕ್ಕಿಗಿಂತ ಬೆಸುಗೆಯ ಡಮಾಸ್ಕಸ್ ಚೆನ್ನಾಗಿ ಕತ್ತರಿಸುತ್ತದೆ ಎನ್ನಲು ಆಧಾರವಿಲ್ಲ. ಹಾಗಾದರೆ ಈ ದೊಡ್ಡ ಮಾರ್ಪಾಡು ಬಂದದ್ದು ಅಂದದಿಂದಲೇ ಅಲ್ಲವೇ? ಹೌದು, ಬಂದದ್ದು ಅಂದದಿಂದಲೇ. ಆದರೆ ಅದನ್ನು ನಿಲ್ಲಿಸಿದ್ದು ಬೇರೆ. 1976ರಲ್ಲಿ ಮೊರಾನ್ ಮತ್ತು ಜೊತೆಗಾರರು ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಕಟ್ಟಿದರು, ಪದವಿಗೆ ಪರೀಕ್ಷೆ ಇಟ್ಟರು. ಹತ್ತಂಗುಲ ಮೀರದ ಅಲಗು. ಮೊದಲು ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ಕತ್ತರಿಸಬೇಕು. ಎರಡಂಗುಲ ನಾಲ್ಕಂಗುಲದ ಮರದ ರೀಪನ್ನು ಎರಡು ಸಲ ಕಡಿದು ತುಂಡರಿಸಬೇಕು. ಅಷ್ಟಾದ ಮೇಲೂ, ನಡುವೆ ಸಾಣೆ ಕಾಣಿಸದೆ, ಅದೇ ಬಾಯಿ ಮುಂಗೈ ಕೂದಲನ್ನು ಬೋಳಿಸಬೇಕು. ಕೊನೆಗೆ ಮೊನೆಯನ್ನು ವೈಸ್‌ನಲ್ಲಿ ಕಚ್ಚಿಸಿ ತೊಂಬತ್ತು ಡಿಗ್ರಿ ಬಗ್ಗಿಸಿದರೂ ಅಲಗು ಮುರಿಯಬಾರದು. ಬೋಳಿಸುವ ಬಾಯಿಗೆ ಗಡಸು ಬೇಕು, ಬಗ್ಗುವ ಬೆನ್ನಿಗೆ ಮೆದು ಬೇಕು; ಎರಡನ್ನೂ ಒಂದೇ ಅಲಗಿನಲ್ಲಿ ತರುವವನಿಗೆ ಹದ ತಿಳಿದಿದೆ ಎಂದರ್ಥ. ಮಾಸ್ಟರ್ ಪದವಿಗೆ ಇದೇ ಪರೀಕ್ಷೆಯನ್ನು ಕನಿಷ್ಠ ಮುನ್ನೂರು ಪದರದ ಡಮಾಸ್ಕಸ್ ಚಾಕುವಿನಿಂದ ಗೆಲ್ಲಬೇಕು. ಅಂದದ ಉಕ್ಕನ್ನು ಹಗ್ಗದ ಮುಂದೆ, ರೀಪಿನ ಮುಂದೆ ನಿಲ್ಲಿಸಿದ್ದೇ ಆ ಸಂಸ್ಥೆಯ ಜಾಣತನ.

ಪರೀಕ್ಷೆಗೂ ಆಕ್ಷೇಪಣೆ ಇದೆ. ತೊಂಬತ್ತು ಡಿಗ್ರಿ ಬಗ್ಗುವ ಬೇಟೆಚಾಕು ಯಾರಿಗೆ ಬೇಕು? ಬೇಟೆಗಾರ ಚಾಕುವನ್ನು ಹಾಗೆ ಬಗ್ಗಿಸುವುದಿಲ್ಲ, ಮೂರೂವರೆ ಅಂಗುಲದ ಅಲಗಿಗೆ ಅಷ್ಟು ಮೆದು ಬೇಕೂ ಇಲ್ಲ. ಪೂರ್ತಿ ಗಡಸಾಗಿ ಹದಗೊಂಡ ಲವ್‌ಲೆಸ್ ಚಾಕು ಈ ಪರೀಕ್ಷೆಯಲ್ಲಿ ಖಂಡಿತ ಮುರಿಯುತ್ತದೆ, ಆದರೂ ಜಿಂಕೆಯ ಮುಂದೆ ಅದೇ ಮೇಲು. ಆಕ್ಷೇಪಣೆ ಸರಿಯಾಗಿಯೇ ಇದೆ. ಪರೀಕ್ಷೆ ಅಳೆಯುವುದು ಮಾಡಿದವನ ಕೈಯನ್ನು. ಮಾರುವ ಚಾಕುವನ್ನು ಅಳೆಯುವ ಉದ್ದೇಶ ಅದಕ್ಕಿಲ್ಲ. ಬಗ್ಗಿದ ಚಾಕು ಹೇಗೂ ಮಾರಾಟಕ್ಕೆ ಬರುವುದಿಲ್ಲ. ಕೊಳ್ಳುವವನಿಗೆ ಸಿಗುವುದು ಅಲಗಿನ ಮೇಲಿನ, ಪದವಿ ಸೂಚಿಸುವ ಎರಡಕ್ಷರದ ಮುದ್ರೆ, ಅದರ ಹಿಂದೆ ಎಂದೋ ಬಗ್ಗಿದ ಇನ್ನೊಂದು ಅಲಗು. ಸಂಗ್ರಹಕಾರನ ಬೀರುವಿನಲ್ಲಿ ಮುಟ್ಟದೆ ಕೂತ ಚಾಕುವಿಗೆ ಬೆಲೆ ಬರುವುದು ಈ ಇನ್ನೊಂದು ಅಲಗಿನ ಸಾಕ್ಷಿಯಿಂದ.

ಡಮಾಸ್ಕಸ್ ವಿಚಾರದಲ್ಲಿ ಮೈಸೂರು ಸೀಮೆಗೂ ಪಾಲಿದೆ. ಮೊರಾನ್‌ನದು ಬೆಸುಗೆಯ ಗೆರೆ. ಹಳೆಯ ಪರ್ಷಿಯನ್ ಕತ್ತಿಗಳ ಮೇಲಿನ ಗೆರೆಯೇ ಬೇರೆ. ಅದು ದಕ್ಷಿಣ ಭಾರತದ ಮಣ್ಣಿನ ಮೂಸೆಗಳಲ್ಲಿ ಕರಗಿಸಿದ ಉಕ್ಕಿನೊಳಗಿಂದಲೇ ಮೂಡುವುದು. ಟಿಪ್ಪು ಮಡಿದ ಮರುವರ್ಷ, 1800-01ರಲ್ಲಿ, ಮೈಸೂರು ರಾಜ್ಯ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಮೂಸೆಗಳನ್ನು ಕಂಡು, ಕಬ್ಬಿಣದ ಜೊತೆ ತಂಗಡಿ ಗಿಡದ ಕಡ್ಡಿಗಳನ್ನು ಇಟ್ಟು ಮುಚ್ಚಿ ಸುಡುವುದನ್ನು ಬರೆದಿಟ್ಟಿದ್ದಾನೆ. ಆ ವಿದ್ಯೆ ಹತ್ತೊಂಬತ್ತನೆಯ ಶತಮಾನದಲ್ಲಿ ಅಳಿಯಿತು. ಅದನ್ನು ಮತ್ತೆ ಅಗೆದು ತೆಗೆದವರು ಫ್ಲಾರಿಡಾದ ಕಮ್ಮಾರ ಆಲ್ ಪೆಂಡ್ರೆ ಮತ್ತು ಅಯೋವಾದ ಲೋಹವಿಜ್ಞಾನಿ ಜಾನ್ ವರ್ಹೋವನ್. ಅದಿರಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಇದ್ದ ವನೇಡಿಯಂನಂಥ ಧಾತುಗಳೇ ಗೆರೆ ಕಟ್ಟಲು ಕಾರಣವೆಂದು ಅವರು 1990ರ ದಶಕದಲ್ಲಿ ತೋರಿಸಿದರು. ಅಂಥ ಅದಿರು ತೀರಿಹೋದದ್ದರಿಂದಲೇ ವಿದ್ಯೆ ಅಳಿದಿರಬಹುದು ಎಂಬುದು ಅವರ ಊಹೆ. ಇಡೀ ಶತಮಾನದಲ್ಲಿ ಸಂಗ್ರಹದ ಹಂಬಲವೇ ಜ್ಞಾನಕ್ಕೆ ದಾರಿ ತೋರಿದ್ದು ಇಲ್ಲೊಂದು ಕಡೆ ಎಂದು ಧಾರಾಳವಾಗಿ ಒಪ್ಪಿಕೊಳ್ಳಬಹುದು. ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಅಲಗುಗಳು ಉಳಿಯದೆ ಇದ್ದಿದ್ದರೆ ಪೆಂಡ್ರೆಗೆ ಹೋಲಿಸಿ ನೋಡಲು ಏನೂ ಇರುತ್ತಿರಲಿಲ್ಲ.

ನಮ್ಮ ಕಾಡಿನ ನಂಟು ಇನ್ನೊಂದಿದೆ, ಅದು ಹಿಡಿಯಲ್ಲಿ. ದಪ್ಪ, ಗಟ್ಟಿ, ಒರಟು ಮೈಯ ಕಡವೆ ಕೊಂಬು ಒಳ್ಳೆಯ ಬೇಟೆಚಾಕುವಿನ ಲಕ್ಷಣವೇ ಎಂಬಷ್ಟು ಶೆಫೀಲ್ಡ್‌ನಲ್ಲೂ ಅಮೆರಿಕದಲ್ಲೂ ಬಳಕೆಯಲ್ಲಿತ್ತು. ರಕ್ತ, ಕೊಬ್ಬು ತಗುಲಿದ ಕೈಗೂ ಅದು ಜಾರುವುದಿಲ್ಲ. 1990ರ ದಶಕದ ಕೊನೆಗೆ ಭಾರತ ಅದರ ರಫ್ತು ನಿಲ್ಲಿಸಿದಾಗ ಹಳೆಯ ದಾಸ್ತಾನಿಗೆ ಚಿನ್ನದ ಬೆಲೆ ಬಂತು. ದಂತದ ಮೇಲೆ ಅಂತರರಾಷ್ಟ್ರೀಯ ನಿಷೇಧ 1989ರಲ್ಲೇ ಬಿದ್ದಿತ್ತು, 2016ರಲ್ಲಿ ಅಮೆರಿಕ ಅದನ್ನು ಇನ್ನಷ್ಟು ಬಿಗಿ ಮಾಡಿತು. ದಂತದ ಹಿಡಿಯ ಚಾಕು ಕೊಂಡವನಿಗೆ ಈಗ ಮಾರಲೂ ಕಷ್ಟ. ಲವ್‌ಲೆಸ್‌ನ ಮೈಕಾರ್ಟಾಕ್ಕೆ ಯಾವ ಕಾನೂನಿನ ತೊಡಕೂ ಬರಲಿಲ್ಲ.

ಆಚರಣೆಗೆಂದು ಇಟ್ಟ ಚಾಕುವಿಗೂ ಬೆಲೆಯಿಲ್ಲವೇ, ಎಲ್ಲವೂ ಜಿಂಕೆ ಸೀಳಲೇಬೇಕೇ ಎಂದು ಯಾರಾದರೂ ಕೇಳಿದರೆ ಉತ್ತರಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ಕೊಡವರ ಪೀಚೆಕತ್ತಿ ಸೊಂಟದ ಚೇಲೆಗೆ ಸಿಕ್ಕಿಸುವ ಬೆಳ್ಳಿ ಕೆಲಸದ ಅಲಂಕಾರ, ಅದನ್ನು ಯಾರೂ ದಿನವೂ ಬಳಸುವುದಿಲ್ಲ. ಆದರೆ ಅವರ ಮದುವೆಯಲ್ಲಿ ನೆಟ್ಟ ಬಾಳೆದಿಂಡನ್ನು ಒಡಿಕತ್ತಿಯಿಂದ ಕಡಿದುರುಳಿಸುವ ಪದ್ಧತಿ ಇವತ್ತಿಗೂ ಇದೆ. ಮೊಂಡು ಕತ್ತಿ ಹಿಡಿದು ಬಂದವನ ಪಾಡು ನೆಂಟರೆಲ್ಲರ ಮುಂದೆ ಬಯಲಾಗುತ್ತದೆ. ಹಗ್ಗ ಕತ್ತರಿಸುವ ಅಮೆರಿಕನ್ನರ ಪರೀಕ್ಷೆಗಿಂತ ಇದು ಬಹಳ ಹಳೆಯದು.

ದಿನಬಳಕೆಯ ಮಡಚುವ ಚಾಕುವಿನ ಕಥೆ ತಡವಾಗಿ ಶುರುವಾಗಿ ವೇಗವಾಗಿ ಓಡಿತು. ಒಂದೇ ಕೈಯಲ್ಲಿ ತೆರೆಯಬೇಕು, ತೆರೆದದ್ದು ಬೆರಳ ಮೇಲೆ ಮಡಚಿಕೊಳ್ಳಬಾರದು, ಇವೆರಡೇ ಇಲ್ಲಿನ ತಕರಾರು. 1980ರ ಸುಮಾರಿಗೆ ಮೈಕೇಲ್ ವಾಕರ್ ಹಿಡಿಯೊಳಗಿನ ತೆಳು ತಗಡನ್ನೇ ಸ್ಪ್ರಿಂಗಿನಂತೆ ಬಾಗಿಸಿ ಅಲಗಿನ ಹಿಂದೆ ಬಂದು ಕೂರುವ ಚಿಲಕ ಮಾಡಿದ. 1981ರಲ್ಲಿ ಸ್ಪೈಡರ್ಕೊ ಕಂಪನಿ ಅಲಗಿಗೆ ದುಂಡು ತೂತನ್ನೂ ಹಿಡಿಗೆ ಜೇಬಿನ ಕ್ಲಿಪ್ಪನ್ನೂ ತಂದಿತು. ದಕ್ಷಿಣ ಆಫ್ರಿಕಾದಿಂದ ಬಂದು ಐಡಾಹೊದಲ್ಲಿ ನೆಲೆಸಿದ ಕ್ರಿಸ್ ರೀವ್ 1990ರ ದಶಕದ ಆರಂಭದಲ್ಲಿ ಟೈಟೇನಿಯಂ ಹಿಡಿಯನ್ನೇ ಚಿಲಕವಾಗಿಸಿದ. ಕಂಪ್ಯೂಟರ್ ನಡೆಸುವ ಯಂತ್ರ ಕೊರೆದ ಅವನ ಚಾಕುಗಳ ಕರಾರುವಾಕ್ಕು ಕೈಕೆಲಸದವರನ್ನೇ ನಾಚಿಸಿತು. ಹಾಗಾದರೆ ಕೈಕೆಲಸಕ್ಕೆ ಹೆಚ್ಚು ಹಣ ಏಕೆ ಕೊಡಬೇಕು? ಕತ್ತರಿಸುವ ಗುಣವೊಂದನ್ನೇ ನೋಡುವುದಾದರೆ ಕೊಡಬೇಕಿಲ್ಲ, ಇದನ್ನು ಒಪ್ಪದೆ ಈ ವಿಷಯ ಚರ್ಚಿಸಿ ಪ್ರಯೋಜನವಿಲ್ಲ. ಆದರೆ ವಾಕರ್‌ನ ಚಿಲಕ ಕಾರ್ಖಾನೆಗಳಿಗೆ ಹೋದದ್ದು ಅವನ ಮೇಜಿನಿಂದ. ಒಬ್ಬ ಗಿರಾಕಿಯ ಗೊಣಗಾಟ ಕೇಳಿ ಮುಂದಿನ ವಾರ ಆಕಾರ ಬದಲಿಸಲು ಸಾಧ್ಯವಿರುವುದು ಒಂಟಿ ಕೆಲಸಗಾರನಿಗೆ ಮಾತ್ರ. ಕಾರ್ಖಾನೆಗೆ ಅಚ್ಚು ಬದಲಿಸುವ ಖರ್ಚಿದೆ. ಕೈಕೆಲಸದ ಚಾಕುವಿಗೆ ಕೊಡುವ ಹೆಚ್ಚುವರಿ ಹಣ ಕಾರ್ಖಾನೆಯ ನಾಳಿನ ನಮೂನೆಗೆ ಕಟ್ಟಿದ ಮುಂಗಡ ಎಂದು ಲೆಕ್ಕ ಹಾಕಿದರೆ ಅಷ್ಟೇನೂ ತಪ್ಪಾಗದು.

ಉಕ್ಕಿನ ಹೆಸರು ಹಿಡಿದು ಹೋಗುವ ಖಯಾಲಿ ಈಚಿನದು. ಪುಡಿಲೋಹ ವಿಧಾನದ ಎಸ್30ವಿ ಉಕ್ಕು 2001ರಲ್ಲಿ ಚಾಕುಗಳಿಗೆಂದೇ ಬಂದಮೇಲೆ, ಪ್ರತಿ ಎರಡು ಮೂರು ವರ್ಷಕ್ಕೊಂದು ಹೊಸ ಅಂಕಿ-ಅಕ್ಷರ ಕೊಳ್ಳುವವರ ಬಾಯಲ್ಲಿ ಕುಣಿಯತೊಡಗಿತು. 2020ರಲ್ಲಿ ಲೋಹವಿಜ್ಞಾನಿ ಲ್ಯಾರಿನ್ ಥಾಮಸ್ ಪ್ರಕಟಿಸಿದ ಪುಸ್ತಕ ಈ ಗದ್ದಲದ ನಡುವೆ ತಣ್ಣಗೆ ಲೆಕ್ಕ ಇಟ್ಟಿತು. ಮರುವರ್ಷ ಅವನದೇ ಸೂತ್ರದ ಮ್ಯಾಗ್ನಾಕಟ್ ಉಕ್ಕು ಮಾರುಕಟ್ಟೆಗೆ ಬಂತು. ಅವನ ಅಳತೆಗಳಿಂದ ಹೊರಬಿದ್ದ ಮುಖ್ಯ ಸಂಗತಿ ಉಕ್ಕು ಮಾರುವವರಿಗೆ ಅಷ್ಟು ಹಿತವಾದದ್ದಲ್ಲ. ಹರಿತ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿ ಉಕ್ಕಿನ ಜಾತಿಯಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ಬಾಯಿಯನ್ನು ಉಜ್ಜಿದ ಕೋನದ್ದೂ ಪಾಲಿದೆ. ಹಿಂದೆ ನೆಸ್‌ಮಕ್ ತೆಳು ಅಲಗು ಕೇಳಿದ್ದಕ್ಕೆ ನೂರಮೂವತ್ತಕ್ಕೂ ಹೆಚ್ಚು ವರ್ಷ ಬಿಟ್ಟು ಯಂತ್ರದ ಸಾಕ್ಷಿ ಸಿಕ್ಕಂತಾಯಿತು. ಆದರೂ ಪ್ರದರ್ಶನಗಳ ಮೇಜಿನ ಮೇಲೆ ಕಾಲಂಗುಲ ದಪ್ಪದ 'ಬದುಕುಳಿಯುವ' ಚಾಕುಗಳಿಗೆ ಬರವಿಲ್ಲ. ಕ್ಯಾಂಪಿನಲ್ಲಿ ಟೊಮೇಟೊ ಕತ್ತರಿಸಲೂ ಒದಗದ ಇಂಥ ಅಲಗುಗಳು ಹುಟ್ಟಿದ್ದು ಯಾವ ಬಳಕೆದಾರನ ತಕರಾರಿನಿಂದಲೂ ಅಲ್ಲ, ಸಿನಿಮಾದಿಂದ.

ಅಮೆರಿಕದಲ್ಲಿ ಬೇಟೆಯೇ ಕಡಿಮೆಯಾಗುತ್ತಿದೆ. 1980ರ ದಶಕದ ಆರಂಭದಲ್ಲಿ ಪರವಾನಗಿ ಪಡೆದ ಬೇಟೆಗಾರರು ಸುಮಾರು 1.7 ಕೋಟಿ, 2016ರ ಸರ್ಕಾರಿ ಸಮೀಕ್ಷೆಯಲ್ಲಿ ಕಂಡ ಬೇಟೆಗಾರರು ಸುಮಾರು 1.15 ಕೋಟಿ. 2015ರಲ್ಲಿ ಶುರುವಾದ 'ಫೋರ್ಜ್ಡ್ ಇನ್ ಫೈರ್' ಎಂಬ ಟಿವಿ ಸ್ಪರ್ಧೆ ಹೊಸ ಹುಡುಗರನ್ನು ಕುಲುಮೆಗೆ ತಂದಿತಾದರೂ ಅವರು ಮಾಡುವ ಚಾಕುಗಳಿಗೆ ಜಿಂಕೆ ಎಲ್ಲಿಂದ ತರುವುದು? ಈ ಸಂದಿಗ್ಧದಿಂದ ಹೊರಬರುವ ದಾರಿ ಅಡುಗೆಮನೆಯಲ್ಲಿ ಸಿಕ್ಕಿತು. ಸಿಯಾಟಲ್‌ನಲ್ಲಿ ಹೋಟೆಲುಗಳ ಚಾಕುಗಳಿಗೆ ಸಾಣೆ ಹಿಡಿಯುತ್ತಿದ್ದ ಬಾಬ್ ಕ್ರೇಮರ್ ಬ್ಲೇಡ್‌ಸ್ಮಿತ್ ಸೊಸೈಟಿಯ ಮಾಸ್ಟರ್ ಪದವಿ ಗಳಿಸಿ, ಆ ವಿದ್ಯೆಯನ್ನು ಬಾಣಸಿಗರ ಚಾಕುವಿಗೆ ತಿರುಗಿಸಿದ. ಸಾವಿರಾರು ಅಡುಗೆಚಾಕುಗಳು ಎಲ್ಲೆಲ್ಲಿ ಸವೆಯುತ್ತವೆ, ಎಲ್ಲಿ ಮುಕ್ಕಾಗುತ್ತವೆ ಎಂದು ಅವನು ಸಾಣೆಯ ಮುಂದೆಯೇ ಕಂಡಿದ್ದ. ಬಾಣಸಿಗ, ಲೇಖಕ ಆಂಟನಿ ಬೋರ್ಡೇನ್‌ಗಾಗಿ ಅವನು ಉಲ್ಕೆಯ ಕಬ್ಬಿಣ ಬೆರೆಸಿ ಮಾಡಿದ ಚಾಕು ಬೋರ್ಡೇನ್ ತೀರಿಕೊಂಡ ಮೇಲೆ 2019ರ ಹರಾಜಿನಲ್ಲಿ 2,31,250 ಡಾಲರಿಗೆ ಹೋಯಿತು. ಆ ಬೆಲೆಯಲ್ಲಿ ದೊಡ್ಡ ಪಾಲು ಸತ್ತವನ ಕೀರ್ತಿಗೆ ಸಂದದ್ದು; ಚಾಕುವಿನ ಬಗ್ಗೆ ಅದು ಹೇಳುವುದು ಕಡಿಮೆ. ಹೇಳುವಂಥದ್ದು ನಡೆಯುತ್ತಿರುವುದು ಹರಾಜಿನ ಕೋಣೆಯ ಹೊರಗೆ. ಬೇಟೆಚಾಕು ಬಿಟ್ಟು ಅಡುಗೆಚಾಕು ಹಿಡಿದ ಕಮ್ಮಾರರಿಗೆ ದಿನಕ್ಕೆ ಹತ್ತು ಗಂಟೆ ಹೆಚ್ಚುವ ಗಿರಾಕಿಗಳು ಸಿಕ್ಕಿದ್ದಾರೆ. ಈ ಗಿರಾಕಿಗಳಿಗೆ ಪದರದ ಗೆರೆಗಿಂತ ಆಲೂಗೆಡ್ಡೆಯದೇ ಚಿಂತೆ. ಹೆಚ್ಚಿದ ಬಿಲ್ಲೆ ಅಲಗಿಗೆ ಅಂಟಿಕೊಂಡು ಮೇಲೇರುತ್ತದೆ, ಕೈ ನಿಲ್ಲಿಸಿ ಬಿಡಿಸಬೇಕಾಗುತ್ತದೆ ಎಂದು ಅವರು ಚಾಕುವನ್ನು ವಾಪಸು ತರುತ್ತಾರೆ. ಅದಕ್ಕಾಗಿ ಕೆಲವರು ಈಗ ಅಲಗಿನ ಬಲಗೆನ್ನೆಯನ್ನು ಉಬ್ಬಾಗಿಯೂ ಎಡಗೆನ್ನೆಯನ್ನು ಚಪ್ಪಟೆಯಾಗಿಯೂ ಉಜ್ಜುತ್ತಿದ್ದಾರೆ, ಇನ್ನು ಕೆಲವರು ಬಾಯಿಗಿಂತ ತುಸು ಮೇಲೆ ಉದ್ದಕ್ಕೂ ಒಂದು ತಗ್ಗು ತೋಡಿ ನೋಡುತ್ತಿದ್ದಾರೆ. ಎಡಗೈಯಲ್ಲಿ ಹೆಚ್ಚುವವರಿಗೆ ಇದನ್ನೇ ತಿರುವುಮುರುವಾಗಿ ಮಾಡಿಕೊಡಬೇಕಾಗುತ್ತದೆ.